ಎರಡು ಮೂಟೆ ಸಿಪ್ಪೆ

ಕಾರ್ಖಾನೆಯ ಆಫೀಸರು ಉಮಾಮಹೇಶ್ವರ ಮೂಟೆಯ ಬಾಯಿ ಬಿಚ್ಚಿ ಒಂದು ಹಿಡಿ ಅಡಿಕೆ ಸಿಪ್ಪೆ ಹೊರತೆಗೆದವರು ಅದನ್ನು ಹಾಗೇ ಹಿಡಿದುಕೊಂಡು ನಿಂತುಬಿಟ್ಟರು. ಸಿಪ್ಪೆ ಮದರಂಗಿ ಹಚ್ಚಿದ ಅಂಗೈಯ ಹಾಗೆ ಕೆಂಪಗೆ ಮಿಂಚುತ್ತಿತ್ತು.

"ಇದಕ್ಕೇನು ಮಾಡಿದೀರಿ ಸಾಹೇಬ್ರೆ?"

ಕೇಳಿದ್ದು ಲಾರಿಯ ಮಾಲೀಕ ಕಮಾಲುದ್ದೀನನನ್ನು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಮೂರೂ ತಾಲ್ಲೂಕಿನ ಸಿಪ್ಪೆ ಸಾಗಿಸುವ ಗುತ್ತಿಗೆ ಈ ಎರಡು ಮೂಟೆಯ ಮೇಲೆ ನಿಂತಿತ್ತು. ಸ್ಯಾಂಪಲ್ ಪಾಸಾದರೆ ಆರು ತಿಂಗಳಿಂದ ಕದಲದ ಅವನ ಲಾರಿ ಓಡುತ್ತದೆ. ಇಲ್ಲದಿದ್ದರೆ ಅದರ ಸೀಟಿನ ಮೇಲೆ ಮೊಟ್ಟೆಯಿಡುವ ಕೋಳಿಗೆ ಅದೇ ಕಾಯಂ ಮನೆ. ಅವನು ಅಡಿಕೆ ಸುಲಿಯುವ ಭೈರಮ್ಮನ ಕಡೆ ನೋಡಿದ.

"ಚೊಗರಲ್ಲಿ ಅದ್ದಿ ಒಣಗಿಸಿದ್ದು ಸ್ವಾಮಿ," ಎಂದಳು ಭೈರಮ್ಮ, ಹೆಮ್ಮೆಯಿಂದ. ಅಡಿಕೆಗೆ ಬಣ್ಣ ಕಟ್ಟುವ ಆ ಕೆಂಪು ರಸದಲ್ಲಿ ಅವಳ ಕೈಗಳೂ ಮೊಣಕೈವರೆಗೆ ಮುಳುಗೆದ್ದಿದ್ದವು. "ಪ್ಯಾಟೆಗೆ ಹೋಗೋ ಮಾಲು ಬಿಳಿಚಿಕೊಂಡು ಹೋದ್ರೆ ನಮ್ಮ ಮರ್ಯಾದೆ ಎಂತ ಆಗ್ಬೇಕು?"

"ತಾಯೀ, ನಮಗೆ ಬೇಕಾದ್ದು ಬರೀ ಸಿಪ್ಪೆ. ಹಬೆಯಲ್ಲಿ ಬೇಯಿಸಿ ಅದರಿಂದ ಒಂದು ಎಣ್ಣೆ ತೆಗೀತೀವಿ. ಆ ಎಣ್ಣೆಗೆ ಜಲಜನಕ ಅನಿಲ ಕೂಡಿಸಿದ್ರೆ ಪೇಂಟು, ವಾರ್ನಿಶ್ ಎಲ್ಲ ಕರಗಿಸೋ ದ್ರಾವಕ ಆಗುತ್ತೆ."

"ಹಾಗಾದ್ರೆ ಒಂದು ಶೀಶೆ ನನಗೂ ಕಳಿಸಿ ಮಾರಾಯ್ರೆ." ಭೈರಮ್ಮ ಎರಡೂ ಕೈ ಮುಂದೆ ಚಾಚಿದಳು. "ಇದು ಮೂವತ್ತು ವರ್ಷದ ಬಣ್ಣ."

ಕಮಾಲುದ್ದೀನ್ ಕಣ್ಣಲ್ಲೇ ಗದರಿದ. ಅವಳು ನೋಡಲಿಲ್ಲ. ಉಮಾಮಹೇಶ್ವರರಿಗೂ ಯಾಕೋ ಪಾಠ ಹೇಳುವ ಹುಮ್ಮಸ್ಸು ಬಂದಿತ್ತು.

"ಅವೆರಡೂ ಸುಮ್ಮನೆ ಕೂಡಲ್ಲಮ್ಮ. ಮಧ್ಯೆ ನಿಕ್ಕಲ್ ಪುಡಿ ಬೇಕು. ಅದು ತಾನು ಸವೆಯಲ್ಲ, ಯಾವುದರಲ್ಲೂ ಬೆರೆಯಲ್ಲ, ಆದರೆ ಅದಿಲ್ಲದೆ ಕೆಲಸ ನಡೆಯಲ್ಲ. ಬೇಡದ್ದು ಒಂಚೂರು ತಗುಲಿದ್ರೂ ಮುಷ್ಕರ ಹೂಡಿಬಿಡುತ್ತೆ."

"ಮದುವೆ ದಲ್ಲಾಳಿ ಅನ್ನಿ. ನಮ್ಮ ಮಾರಪ್ಪನೂ ಹಾಗೇ. ಕಾಫಿಗೆ ಸಕ್ಕರೆ ಕಮ್ಮಿ ಆಯ್ತೋ, ಎದ್ದೇ ಹೋದ."

ಆಫೀಸರು ನಕ್ಕುಬಿಟ್ಟರು. ಕಮಾಲುದ್ದೀನನಿಗೆ ಹೋದ ಉಸಿರು ಬಂತು.

"ಹೋಗಲಿ ಸಾಹೇಬ್ರೆ. ಸುಲಿದು ಬಿಸಾಡಿದ್ದು ಬಿಸಾಡಿದ ಹಾಗೇ ಕೊಡಿ, ಮಣ್ಣಾಗಿದ್ರೆ ತೊಳ್ಕೊಳ್ತೀವಿ, ಈ ಬಣ್ಣ ಮಾತ್ರ ಬೇಡ. ಹಿತ್ತಲಲ್ಲಿ ರಾಶಿ ಬಿದ್ದಿರುತ್ತಲ್ಲ?"

"ಇತ್ತು ಸಾರ್," ಎಂದ ಕಮಾಲುದ್ದೀನ್. ಈಗಷ್ಟೇ ಬಂದ ಉಸಿರು ಮತ್ತೆ ಹೋಯಿತು. "ಬೆಳಿಗ್ಗೆವರೆಗೂ ಇತ್ತು. ನೀವು ಬರ್ತೀರಿ ಅಂತ..."

ಹಿತ್ತಲನ್ನು ಗುಡಿಸಿ ನೀರು ಚಿಮುಕಿಸಲಾಗಿತ್ತು. ನಡುವೆ ಒಂದು ಕಪ್ಪು ಗುಡ್ಡೆ ತೆಳ್ಳಗೆ ಹೊಗೆಯಾಡುತ್ತಿತ್ತು. ಪಕ್ಕದಲ್ಲಿ ಕೆಲಸದಾಳು ಐತ, ಪೊರಕೆ ಹಿಡಿದು, ಶಹಬ್ಬಾಸ್‌ಗಿರಿಗೆ ಕಾಯುವವನಂತೆ ನಿಂತಿದ್ದ.

ಉಮಾಮಹೇಶ್ವರ ಒಂದು ಗಳಿಗೆ ಬೂದಿಯನ್ನೇ ನೋಡಿ, ಫೈಲು ಕಂಕುಳಿಗೆ ಸೇರಿಸಿದರು. ಒಳ್ಳೆಯ ಮನುಷ್ಯ. "ಪರವಾಗಿಲ್ಲ ಬಿಡಿ. ಹೇಗೂ ಮೆಣಸೆ, ನೆಮ್ಮಾರ್ ನೋಡೋದಿದೆ. ನಾಳೆ ಶೆಟ್ಟಿಕೊಪ್ಪ. ಸ್ಯಾಂಪಲ್ ಅಲ್ಲೇ ಎತ್ಕೊಳ್ತೀನಿ, ಗುತ್ತಿಗೆ ನಿಮ್ಮ ಹೆಸರಿಗೇ ಬರೀತೀನಿ."

ಕಮಾಲುದ್ದೀನನಿಗೆ ಸಂತೋಷಪಡಬೇಕೆನಿಸಿತು, ಆಗಲಿಲ್ಲ. ಆಫೀಸರು ಹೋಗುವ ಒಂದೊಂದು ಊರಿಗೂ ಅವನು ಹೋದ ವಾರವೇ, ತಪ್ಪಿಲ್ಲದಂತೆ ಎರಡೆರಡು ಸಲ ಓದಿ ನೋಡಿ, ಕಾರ್ಡು ಬರೆದಿದ್ದ: ದೊಡ್ಡ ಆಫೀಸರು ಬರುತ್ತಾರೆ, ಸೀಮೆಯ ಮಾನದ ಪ್ರಶ್ನೆ, ಕಣ್ಣಿಗೆ ಒಂದು ಕಸವೂ ಬೀಳಬಾರದು. ಈಗ ಹೇಗೆ ಹೇಳುವುದೆಂದು ಅವನು ಬಾಯಿ ತೆರೆಯುವಷ್ಟರಲ್ಲಿ, ಆ ಕಾರ್ಡುಗಳನ್ನೆಲ್ಲ ಅಂಚೆಗೆ ಹಾಕಿ ಬಂದಿದ್ದ ಐತ ಮುಂದೆ ಬಂದು ಕೈಮುಗಿದ.

"ಧೈರ್ಯವಾಗಿ ಹೋಗಿ ಬನ್ನಿ ಸ್ವಾಮಿ. ಅಲ್ಲೆಲ್ಲೂ ನಿಮ್ಮ ಕಾಲಿಗೆ ಒಂದೆಳೆ ಸಿಪ್ಪೆ ಸಿಕ್ಕಿದ್ರೆ ಕೇಳಿ!"