ಭಾನುವಾರದ ಮುಖ

ಕರೆಂಟ್ ಹೋಗಿದ್ದೇ ತಡ, ಪದ್ಮಶ್ರೀ ಸ್ಟೀಲ್ ಡಬ್ಬಿ ಹಿಡಿದುಕೊಂಡು ಮಗ್ಗದ ಮನೆಗೆ ನುಗ್ಗಿದಳು. ಗಂಡನನ್ನು ಹಿಡಿಯುವುದಿದ್ದರೆ ಮಗ್ಗ ನಿಂತಾಗಲೇ ಹಿಡಿಯಬೇಕು. ಓಡಲು ಶುರುವಾಯಿತೋ, ಆ ಟಕಟಕದಲ್ಲಿ ದೇವರೇ ಬಂದು ಕರೆದರೂ ಅವನಿಗೆ ಕೇಳಿಸುವುದಿಲ್ಲ.

"ರೀ, ಬನ್ನಿ ಇಲ್ಲಿ, ಒಂದು ಚೀಟಿ ಎತ್ತಿ. ಆಟ ಆಡೋಣ."

"ಆಟನಾ?" ವೇಣುಗೋಪಾಲ್ ಕೇಳಿದ್ದು ಪಕ್ಕದ ಬೀದಿಗೂ ಕೇಳಿಸಿತು. ಹುಟ್ಟಿದಾಗಿನಿಂದ ಮಗ್ಗದ ಸದ್ದಿನ ಮೇಲೇ ಮಾತಾಡಿ ಬೆಳೆದ ಗಂಟಲು. ಅವನು ಗುಟ್ಟು ಹೇಳಿದರೆ ದೊಡ್ಡಬಳ್ಳಾಪುರದ ಬಸ್‌ಸ್ಟ್ಯಾಂಡಿಗೂ ಗೊತ್ತಾಗುತ್ತದೆ.

"ಸಿಂಚನನ ಮಿಸ್ಸು ಹೇಳಿದ್ದಾರೆ ಕಣ್ರೀ. ಮನಸ್ಸಲ್ಲಿ ಏನಾಗ್ತಿದೆ ಅಂತ ಮಕ್ಕಳಿಗೆ ಹೇಳ್ಕೊಳ್ಳೋಕೆ ಬರ್ಬೇಕಂತೆ. ಚೀಟೀಲಿ ಸಂತೋಷ, ದುಃಖ, ಹೊಟ್ಟೆಕಿಚ್ಚು ಅಂತ ಬರ್ದಿದೀನಿ. ಬಂದಿದ್ದನ್ನ ಬಾಯಿ ಬಿಡದೆ ಮುಖದಲ್ಲಿ ತೋರಿಸ್ಬೇಕು. ಉಳಿದೋರು ಏನು ಅಂತ ಹೇಳ್ಬೇಕು."

"ಅಯ್ಯೋ ಶಿವನೇ, ನಾವೆಲ್ಲ ಚೀಟಿ ಎತ್ತೇ ದೊಡ್ಡೋರಾದ್ವಾ?" ಅತ್ತೆ ವರಲಕ್ಷ್ಮಮ್ಮ ಮೂಲೆಯಿಂದ ಗೊಣಗಿದರು. ಗೊಣಗುತ್ತಲೇ ಚಾಪೆಯಲ್ಲಿ ಮೊದಲ ಜಾಗ ಹಿಡಿದು ಕೂತರು.

ಆಟದ ಅಸಲು ಕಾರಣ ಬೇರೆ. ಭಾನುವಾರ ಉರುಳಿ ಹೋದ, ನೂಲು ಸುತ್ತಿದ ಕಂಡಿಕೆಯನ್ನು ತೆಗೆಯಲು ಮಗಳು ಸಿಂಚನ ಓಡುವ ಮಗ್ಗದ ಕೆಳಗೆ ಬಗ್ಗಿದ್ದಳು. ವೇಣುಗೋಪಾಲ್ ಛಾವಣಿ ಹಾರುವ ಹಾಗೆ ಕೂಗಿ, ರಟ್ಟೆ ಹಿಡಿದು ಎಳೆದುಬಿಟ್ಟಿದ್ದ. ಹುಡುಗಿ ಧೊಪ್ಪನೆ ಬಿದ್ದಳು, ಅದೂ ಗೆಳತಿ ಸ್ನೇಹಳ ಮುಂದೆ! ಅವತ್ತಿನಿಂದ ಅಪ್ಪನ ಜೊತೆ ಟೂ. "ಅಜ್ಜಿ, ಊಟಕ್ಕೆ ಬರ್ಬೇಕಂತೆ, ಅವರಿಗೆ ಹೇಳು" ಅನ್ನುತ್ತಿದ್ದಳು. ಅಪ್ಪ ಹೋಗಿ 'ಅವರು' ಆಗಿಬಿಟ್ಟಿದ್ದ. ಬೇಕರಿಯಿಂದ ಹನಿ ಕೇಕ್ ತಂದಿಟ್ಟರೆ ಕೇಕ್ ಖಾಲಿಯಾಯಿತೇ ಹೊರತು ಮಾತು ಬರಲಿಲ್ಲ. ವೇಣುಗೋಪಾಲ್ ತಟ್ಟೆಯಲ್ಲಿ ಅರ್ಧ ಅನ್ನ ಬಿಟ್ಟೇ ಏಳುತ್ತಿದ್ದ.

ಅವನು ಚೀಟಿ ಎತ್ತಿ ಓದಿದ. ತಲೆ ಕೆರೆದುಕೊಂಡ. ಕಣ್ಣು ದೊಡ್ಡದು ಮಾಡಿ ಹೊಟ್ಟೆಯ ಹತ್ತಿರ ಕೈ ನಡುಗಿಸಿದ.

"ಹೊಟ್ಟೆನೋವಾ?" ಅಂದಳು ಪದ್ಮಶ್ರೀ.

"ಹೊಟ್ಟೆನೋವಲ್ಲ, ಹಸಿವು," ಅಂದರು ವರಲಕ್ಷ್ಮಮ್ಮ. "ಮಧ್ಯಾಹ್ನ ಇವ್ನು ಸರಿಯಾಗಿ ಉಣ್ಲಿಲ್ಲ."

ಸಿಂಚನ ತುಟಿ ಬಿಗಿಹಿಡಿದು ಕೂತಿದ್ದಳು. ಅವಳ ಉದ್ದ ಜಡೆಯ ಕಡೆ ವೇಣುಗೋಪಾಲನ ಕಣ್ಣು ಹೋಯಿತು. ಅಷ್ಟೇ, ಅವನ ಮುಖವೇ ಬೇರೆಯಾಯಿತು. ಹುಬ್ಬು ಗಂಟಿಕ್ಕಿತು, ಹಲ್ಲು ಬಿಗಿದುಕೊಂಡಿತು, ಕತ್ತಿನ ನರ ಉಬ್ಬಿತು.

"ಕೋಪ!" ಸಿಂಚನ ಎದ್ದು ನಿಂತು ಕಿರುಚಿದಳು. ಟೂ ಬಿಟ್ಟಿದ್ದು ಮರೆತೇಹೋಗಿತ್ತು. "ಕೋಪ, ಕೋಪ! ನಂಗೆ ಗೊತ್ತು! ಭಾನುವಾರ ನನ್ನ ಬೈದಾಗ ಇದೇ ಮುಖ ಇತ್ತು!"

ಅವನು ಚೀಟಿ ತಿರುಗಿಸಿ ತೋರಿಸಿದ. ಅದರಲ್ಲಿ 'ಭಯ' ಎಂದಿತ್ತು.

"ಸುಳ್ಳು! ಇದು ಮೋಸದಾಟ!"

"ಮೋಸ ಅಲ್ಲ ಕಣೇ. ಅವತ್ತು ನಿನ್ನ ಜಡೆ ಮೋಟರ್ ಬೆಲ್ಟಿನ ಪಕ್ಕದಲ್ಲೇ ನೇತಾಡ್ತಿತ್ತು. ಇನ್ನೊಂಚೂರು ಬಗ್ಗಿದ್ರೆ..." ಅವನ ದನಿ ಮೊದಲ ಸಲ ಮೆಲ್ಲಗಾಯಿತು. "ಜೀವ ಬಾಯಿಗೆ ಬಂದಿತ್ತು ಕಣಮ್ಮ ನಂಗೆ."

ಸಿಂಚನ ಅಪ್ಪನ ಮುಖವನ್ನು ಇಷ್ಟಗಲ ಕಣ್ಣು ಬಿಟ್ಟು ನೋಡಿದಳು. "ಹಂಗಾದ್ರೆ ಭಯ ಆಯ್ತು ಅಂತ ಹೇಳ್ಬೇಕಪ್ಪ! ಯಾಕೆ ಕೂಗ್ತೀಯ?"

"ಮಗ್ಗದ ಸದ್ದಲ್ಲಿ..."

"ಮಗ್ಗ ನಿಂತಾಗ್ಲೂ ಕೂಗ್ತೀರಲ್ಲ," ಅಂದಳು ಪದ್ಮಶ್ರೀ.

"ಮುಖ ಸರಿಯಾಗಿ ಮಾಡ್ಲಿಲ್ಲ, ಅಪ್ಪಂಗೆ ಸೊನ್ನೆ," ಎಂದು ಸಿಂಚನ ತೀರ್ಪು ಕೊಟ್ಟು ಅವನ ತೊಡೆಯ ಮೇಲೇ ಕೂತಳು. ಸೊನ್ನೆ ತೆಗೆದುಕೊಂಡು ಅಷ್ಟು ಖುಷಿಪಟ್ಟವರನ್ನು ಪದ್ಮಶ್ರೀ ಎಲ್ಲೂ ನೋಡಿರಲಿಲ್ಲ.

ಆಗಲೇ ಫೋನ್ ಬಂತು. ಸೀರೆ ಕೊಳ್ಳುವ ಸಾಹುಕಾರರದು. ವೇಣುಗೋಪಾಲ್ ಅಂಗಳಕ್ಕೆ ಹೋದ. ಮರುಗಳಿಗೆಯಲ್ಲೇ ಬೀದಿ ಬೆಚ್ಚಿತು. "ಏನ್ರೀ, ನಾನೇನು ಕೈಕಟ್ಕೊಂಡು ಕೂತಿದೀನಾ? ಕರೆಂಟಿಲ್ದೆ ಸೀರೆ ಆಕಾಶದಿಂದ ಉದುರುತ್ತಾ? ಬೇಡಾ ಅಂದ್ರೆ ಬಿಡ್ರೀ! ಬೇರೆಯೋರ ಹತ್ರ ನೇಯಿಸ್ಕೊಳ್ಳಿ!"

ಪದ್ಮಶ್ರೀ ಎಂದಿನಂತೆ ಬಾಗಿಲು ಮುಂದೆ ಮಾಡಲು ಎದ್ದಳು. ಸಿಂಚನ ಕಿವಿಗೊಟ್ಟು ಕೇಳಿದಳು.

"ಅಜ್ಜಿ, ಅಪ್ಪಂಗೆ ಭಯ ಆಗಿದೆ," ಅಂದವಳೇ ಹೊರಗೆ ಓಡಿ ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಕೂಗು ಅರ್ಧಕ್ಕೇ ನಿಂತಿತು. ಆಮೇಲೆ, "ಹಂಗಲ್ಲ ಸಾಹುಕಾರ್ರೇ... ಕೆಲಸ ಎಲ್ಲಿ ಕೈ ತಪ್ಪಿ ಹೋಗ್ತದೋ ಅಂತ ನಂಗೂ ಹೆದರಿಕೆ. ಇನ್ನೊಂದಿನ ಕೊಡಿ, ಮುಗಿಸ್ತೀನಿ," ಅನ್ನುವ ದನಿ ಬಂತು. ಅದು ವೇಣುಗೋಪಾಲನ ದನಿಯೇ ಎಂದು ನಂಬಲು ಪದ್ಮಶ್ರೀಗೆ ಗಳಿಗೆ ಹಿಡಿಯಿತು.

ನಗುತ್ತಾ ತಿರುಗಿದರೆ ವರಲಕ್ಷ್ಮಮ್ಮ ನಗುತ್ತಿರಲಿಲ್ಲ. ಗೋಡೆಯ ಮೇಲೆ ಹಾರ ಹಾಕಿದ್ದ ಗಂಡನ ಫೋಟೋ ನೋಡುತ್ತಾ ಕೂತಿದ್ದರು.

"ಪದ್ಮಾ, ನಿಮ್ಮ ಮಾವನೂ ಇದ್ದಷ್ಟು ದಿನ ನನ್ನ ಮೇಲೆ ಕೂಗಾಡೇ ಕೂಗಾಡಿದ್ರು," ಅಂದರು. "ಅದ್ರಲ್ಲಿ ಕೋಪ ಎಷ್ಟಿತ್ತೋ, ಭಯ ಎಷ್ಟಿತ್ತೋ! ಒಂದ್ಸಲನಾದ್ರೂ ಹೋಗಿ ಕೈ ಹಿಡ್ಕೊಂಡು ನೋಡ್ಲಿಲ್ವಲ್ಲೇ ನಾನು."