ಕೊನೆಯ ಬೆಂಚಿನ ಸಿಸ್ಟರ್

ಸಿಸ್ಟರ್ ಜಸಿಂತಾ ಅಂದೂ ಬಂದು ಕೊನೆಯ ಬೆಂಚಿನಲ್ಲಿ ಕೂತರು. ಶಶಿಪ್ರಭಾಳ ಕೈಯಲ್ಲಿದ್ದ ಸೀಮೆಸುಣ್ಣ ಮುರಿಯಿತು.

ಜೂನ್ ತಿಂಗಳಿಡೀ ಹೀಗೆಯೇ. ನಾಲ್ಕನೇ ಫಾರ್ಮಿನ ಗಣಿತದ ಪೀರಿಯಡ್ ಶುರುವಾಗುವಾಗ ಬಿಳಿಯ ನಿಲುವಂಗಿಯೊಂದು ಸದ್ದಿಲ್ಲದೆ ಒಳಗೆ ಬರುತ್ತಿತ್ತು. ಸಿಸ್ಟರ್ ಹುಡುಗಿಯರತ್ತ ನೋಡುತ್ತಿರಲಿಲ್ಲ. ನೋಡುತ್ತಿದ್ದದ್ದು ಕರಿಹಲಗೆಯನ್ನು, ಶಶಿಪ್ರಭಾಳ ಬಾಯನ್ನು. ನೋಡುತ್ತ ನೋಡುತ್ತ ಅವರ ತುಟಿ ಅಲುಗುತ್ತಿತ್ತು. ಜಪವೋ, ತಪ್ಪುಗಳ ಎಣಿಕೆಯೋ ತಿಳಿಯುತ್ತಿರಲಿಲ್ಲ.

ಕೆಲಸಕ್ಕೆ ಸೇರಿದ ದಿನ ಹೆಡ್‌ಮಿಸ್ಟ್ರೆಸ್ ಮದರ್ ಎಮಿಲಿಯಾನಾ ಹೇಳಿದ್ದರು: "ಈ ವರ್ಷ ಗಣಿತಕ್ಕೆ ಇಬ್ಬರು ಹೊಸ ಟೀಚರ್‌ಗಳು. ಹೊಸ ಕಟ್ಟಡದ ಆಶೀರ್ವಾದ ಆಗುವವರೆಗೆ 'ಎ', 'ಬಿ' ಎರಡೂ ವಿಭಾಗ ನಿಮ್ಮ ಹತ್ತಿರವೇ ಇರ್ಲಿ. ಆಮೇಲೆ 'ಬಿ' ಇನ್ನೊಬ್ಬರಿಗೆ. ಅಲ್ಲಿವರೆಗೆ ಸಿಸ್ಟರ್ ಜಸಿಂತಾ ನಿಮ್ಮ ಕ್ಲಾಸಿನಲ್ಲಿ ಕೂತುಕೊಳ್ತಾರೆ. ನಿಮ್ಮಿಂದ ಎಷ್ಟು ಪ್ರಯೋಜನ ಉಂಟು ಅಂತ ಅವರು ಹೇಳಿದ ಮೇಲೆ ಖಾಯಂ ಮಾಡುವ ವಿಚಾರ."

ಆ ಇನ್ನೊಬ್ಬ ಟೀಚರ್ ಯಾರೆಂದು ಯಾರೂ ಹೇಳಲಿಲ್ಲ. ಶಶಿಪ್ರಭಾ ಗಂಟೆ ಹೊಡೆಯುವ ವಿಲ್ಲಿ ಪೊರ್ಬುವನ್ನು ಕೇಳಿದಳು.

"ನನಗೆಂತ ಗೊತ್ತು ಟೀಚರ್? ನನ್ನ ಗಂಟೆ ಒಂದು ಗೊತ್ತುಂಟು."

"ಸಿಸ್ಟರ್ ಯಾಕೆ ದಿನಾ ಬಂದು ಕೂತುಕೊಳ್ತಾರೆ?"

"ಮದರ್ ಕೂತ್ಕೊಳ್ಳಿ ಅಂದ್ರು, ಕೂತ್ಕೊಂಡ್ರು." ವಿಲ್ಲಿ ನಕ್ಕ. "ಸಿಸ್ಟರ್‌ಗಳದ್ದು ನಮ್ಮ ಹಾಗಲ್ಲ ಮಾರಾಯ್ರೆ. ಅಡಿಗೆ ಮಾಡಿ ಅಂದ್ರೆ ಅಡಿಗೆ, ಇಗರ್ಜಿಯಲ್ಲಿ ಆರ್ಗನ್ ಬಾರಿಸಿ ಅಂದ್ರೆ ಆರ್ಗನ್. ಬರ್ತದಾ ಇಲ್ವಾ ಅಂತ ಯಾರೂ ಕೇಳುವುದಿಲ್ಲ."

ಶಶಿಪ್ರಭಾಳಿಗೆ ನಗು ಬರಲಿಲ್ಲ. ಉರ್ವದ ಮನೆಯಲ್ಲಿ ಅಣ್ಣ ತಾರಾನಾಥ ಆಗಲೇ ಗಡುವು ಹಾಕಿದ್ದ. "ಕೆಲಸ ಖಾಯಂ ಆದರೆ ನಾನು ಬಾಯಿ ಬಿಡುವುದಿಲ್ಲ ಶಶಿ. ಆಗದಿದ್ದರೆ ಬೊಂಬಾಯಿಯ ಹೋಟೆಲಿನವರಿಗೆ ಹೌದು ಅಂತೇನೆ. ಅವರ ಹೆಂಡತಿ ತೀರಿಹೋಗಿದ್ದಾರೆ, ನಿನಗೂ ಗಂಡ ಇಲ್ಲ. ಲೆಕ್ಕದ ಟೀಚರ್ ಅಲ್ವಾ ನೀನು? ಸರಿಯಾಗಿ ಕೂಡ್ತದೆ."

"ನನ್ನದು ಕೂಡುವ ಲೆಕ್ಕ ಅಲ್ಲ, ಅಣ್ಣ" ಎಂದಷ್ಟೇ ಹೇಳಿ ಅವಳು ಬಸ್ಸಿಗೆ ಹೊರಟಿದ್ದಳು.

ಈಗ ಶುಕ್ರವಾರ. ಎರಡೂ ವಿಭಾಗ ಒಟ್ಟಿಗೆ ಕೂರುವ ಕೊನೆಯ ದಿನ. ನಾಳೆ ಬಿಷಪರು ಬಂದು ಕಟ್ಟಡಕ್ಕೆ ತೀರ್ಥ ಚಿಮುಕಿಸುತ್ತಾರೆ. ಸೋಮವಾರ 'ಬಿ'ಯ ಹುಡುಗಿಯರು ಅಲ್ಲಿಗೆ.

ಮುರಿದ ತುಂಡನ್ನು ಕೆಳಗಿಟ್ಟು ಶಶಿಪ್ರಭಾ ಚೀಲದಿಂದ ಒಂದು ಕರವಸ್ತ್ರ ತೆಗೆದಳು. ಗಂಡಸರ ಕರವಸ್ತ್ರ, ದೊಡ್ಡದು, ಚೌಕ. ಗಂಡ ಮೋಹನದಾಸ ತೀರಿಹೋಗಿ ವರ್ಷ ತುಂಬಿರಲಿಲ್ಲ.

"ಎ ಕಳೆ ಬಿ. ಇದರ ವರ್ಗ ಎಷ್ಟು? ಇಡೀ ಬಟ್ಟೆಯ ಒಂದು ಬದಿ ಎ. ಈ ಅಂಚಿನಲ್ಲಿ ಬಿ ಅಗಲದ ಪಟ್ಟಿ ಮಡಚಿದೆ, ಹೋಯಿತು. ಆ ಅಂಚಿನಲ್ಲೂ ಮಡಚಿದೆ, ಹೋಯಿತು. ಈಗ ಮೂಲೆ ನೋಡಿ. ಅದು ಎರಡು ಸಲ ಹೋಯಿತು. ಹೋಗಬೇಕಾದದ್ದು ಒಂದೇ ಸಲ. ಆದ್ದರಿಂದ..."

ಆದ್ದರಿಂದ ಅದನ್ನು ಒಮ್ಮೆ ವಾಪಸು ತರಬೇಕು. ಆ ಮಾತನ್ನು ಹೇಳದೆ ಅವಳು ನಿಂತಳು. ಕೊನೆಯ ಬೆಂಚಿನಲ್ಲಿ ಸಿಸ್ಟರ್ ಕಣ್ಣು ಮಿಟುಕಿಸದೆ ಕಾಯುತ್ತಿದ್ದರು. ಶಶಿಪ್ರಭಾ ತಿರುಗಿ ಸೂತ್ರವನ್ನು ಬರೆದಳು. ಹುಡುಗಿಯರು ನಕಲು ಮಾಡಿಕೊಂಡರು. ವಿಲ್ಲಿಯ ಗಂಟೆ ಬಿತ್ತು. ಕ್ಲಾಸ್ ಲೀಡರ್ ಬಂದು ಹಲಗೆ ಒರೆಸತೊಡಗಿದಾಗಲೇ ಅವಳಿಗೆ ಕಂಡದ್ದು: ಕೊನೆಯಲ್ಲಿ, ಬಿ ವರ್ಗದ ಹಿಂದೆ, ಕೂಡುವ ಚಿಹ್ನೆ ಇರಬೇಕಾದಲ್ಲಿ ಕಳೆಯುವ ಚಿಹ್ನೆ.

ಬಾಗಿಲಲ್ಲಿ ಸಿಸ್ಟರ್ ನಿಂತಿದ್ದರು. ಮೊದಲ ಸಲ ನಕ್ಕರು.

"ನಿಮ್ಮ ಒಂದು ಮಾತನ್ನೂ ನಾನು ಬಿಟ್ಟಿಲ್ಲ ಟೀಚರ್. ಆ ಕೊನೆಯ ಗೆರೆಯನ್ನಂತೂ ಮರೆಯುವುದೇ ಇಲ್ಲ."

ಶಶಿಪ್ರಭಾ ಕರವಸ್ತ್ರವನ್ನು ಚೀಲಕ್ಕೆ ತುರುಕಿದಳು.

ಭಾನುವಾರ ತಾರಾನಾಥ ಕೇಳಿದ, "ಎಂತಾಯ್ತು?" ಅವಳು ಎದ್ದು ಒಳಗೆ ಹೋದಳು. ಅವನು ಬೊಂಬಾಯಿಯ ವಿಳಾಸ ಹುಡುಕಿ ಮೇಜಿನ ಮೇಲಿಟ್ಟ.

ಸೋಮವಾರ ಬೆಳಿಗ್ಗೆಯೇ ಮದರ್ ಕರೆಸಿದರು. ಕೂರಲು ಹೇಳಲಿಲ್ಲ.

"ಸಿಸ್ಟರ್ ಜಸಿಂತಾರನ್ನು ಕೇಳಿದೆ. ನಿಮ್ಮ ಕೈಯಲ್ಲಿ ಒಂದು ತಪ್ಪೂ ಬರುವುದಿಲ್ಲವಂತೆ. ನಿಮ್ಮನ್ನು ಖಾಯಂ ಮಾಡಿದ್ದೇನೆ."

ಶಶಿಪ್ರಭಾ ಹೊರಗೆ ಬಂದು ಕಂಬ ಹಿಡಿದು ನಿಂತಳು. ಸಂತೋಷವಾಗಬೇಕಿತ್ತು. ಆದದ್ದು ನಾಚಿಕೆ. ಸತ್ಯವನ್ನೇ ಹೇಳಬೇಕಾದ ಒಬ್ಬ ಸನ್ಯಾಸಿನಿ ತನಗಾಗಿ ಸುಳ್ಳು ಹೇಳಿದ್ದರು.

'ಎ' ವಿಭಾಗದಲ್ಲಿ ಮೊದಲ ಕೆಲಸವಾಗಿ ಆ ಚಿಹ್ನೆ ತಿದ್ದಿಸಿದಳು. 'ಬಿ'ಯ ಹುಡುಗಿಯರ ಬಳಿ ತಪ್ಪು ಹಾಗೆಯೇ ಉಳಿದಿತ್ತು. ಇನ್ನೊಬ್ಬ ಹೊಸ ಟೀಚರ್ ಇಂದು ಬಂದಿರಬೇಕು. ತಪ್ಪು ನನ್ನದು, ದಯವಿಟ್ಟು ತಿದ್ದಿಸಿ ಎಂದು ಅವರಿಗೆ ಹೇಳಬೇಕು. ಆಮೇಲೆ ಸಿಸ್ಟರ್ ಎಲ್ಲಿದ್ದರೂ ಹುಡುಕಿ ಕೈ ಮುಗಿಯಬೇಕು. ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತ ಅವಳು ಅಂಗಳ ದಾಟಿದಳು.

ಹೊಸ ಕಟ್ಟಡ ಸುಣ್ಣದ ವಾಸನೆ ಹೊಡೆಯುತ್ತಿತ್ತು. 'ಬಿ'ಯ ಬಾಗಿಲು ತೆರೆದಿತ್ತು. ಒಳಗೆ ಹೊಸ ಮುಖ ಯಾವುದೂ ಇರಲಿಲ್ಲ. ಕೊನೆಯ ಬೆಂಚಿನಲ್ಲಿ ಮದರ್ ಎಮಿಲಿಯಾನಾ ಕೂತಿದ್ದರು. ಹಲಗೆಯ ಮುಂದೆ ಬಿಳಿಯ ನಿಲುವಂಗಿ. ಅದರ ಎಡಗೈಯಲ್ಲಿ ಎರಡು ಅಂಚು ಮಡಚಿದ ಕರವಸ್ತ್ರ.

"ಈಗ ಮೂಲೆ ನೋಡಿ. ಅದು ಎರಡು ಸಲ ಹೋಯಿತು. ಹೋಗಬೇಕಾದದ್ದು ಒಂದೇ ಸಲ. ಆದ್ದರಿಂದ..."

ಶುಕ್ರವಾರ ಶಶಿಪ್ರಭಾ ಮಾತು ನಿಲ್ಲಿಸಿದ್ದಲ್ಲೇ ಆ ದನಿಯೂ ನಿಂತಿತು. ಅಂದು ಅವಳು ನಿಂತಷ್ಟೇ ಹೊತ್ತು. ಆಮೇಲೆ ಸಿಸ್ಟರ್ ಜಸಿಂತಾ ತಿರುಗಿ ಸೂತ್ರ ಬರೆದು, ಕೊನೆಯಲ್ಲಿ, ಬಿ ವರ್ಗದ ಹಿಂದೆ, ಗಟ್ಟಿಯಾಗಿ ಒತ್ತಿ ಕಳೆಯುವ ಚಿಹ್ನೆ ಹಾಕಿದರು.

ಬಾಗಿಲಲ್ಲಿ ಅವಳನ್ನು ಕಂಡು ಅವರ ಮುಖ ಅರಳಿತು. "ನೋಡಿ ಟೀಚರ್, ನೀವು ಕಲಿಸಿದ ಹಾಗೆಯೇ ಉಂಟಲ್ಲ?"