ಪ್ರಾಯೋಜಕರ ಜಾಕೆಟ್

ಹಿಮಪರ್ವತದಲ್ಲಿ ಬಿರುಗಾಳಿಗೆ ಸಿಕ್ಕಿಬಿದ್ದ ಪರ್ವತಾರೋಹಿಯೊಬ್ಬಳು, ತನ್ನ ಯಾತ್ರೆಯ ಖರ್ಚು ವಹಿಸಿಕೊಂಡಿದ್ದ ಜಾಕೆಟ್ ಕಂಪನಿಯ ಮ್ಯಾನೇಜರಿಗೆ ಡೇರೆಯೊಳಗಿನಿಂದ ಫೋನ್ ಮಾಡಿದಳು.

"ಸರ್, ಥಂಡಿಗೆ ಬೆರಳು ಕರ್ರಗಾಗ್ಯಾವ್ರಿ. ಲಗೂನ ಹೆಲಿಕಾಪ್ಟರ್ ಕಳಸ್ರಿ."

"ನಮ್ಮ ಜಾಕೆಟ್ ಹಾಕ್ಕೊಂಡಿದೀರಿ ತಾನೆ?"

"ಅದನ್ನ ಹಾಕ್ಕೊಂಡೇ ಹಿಂಗಾಗೇತ್ರಿ."

"ಅಯ್ಯಯ್ಯೋ! ಹೆದರಬೇಡಿ ಮೇಡಂ, ನೀವು ನಮ್ಮನೆ ಮಗಳ ಥರ. ನಾನೇ ಬರ್ತೀನಿ."

ಗಾಳಿ ನಿಂತೊಡನೆ ಹೆಲಿಕಾಪ್ಟರ್ ಬಂದೇ ಬಂತು. ಮ್ಯಾನೇಜರ್ ಓಡೋಡಿ ಬಂದು ಅವಳ ಜಾಕೆಟ್ ಬಿಚ್ಚಿಸಿ, ತಾವು ತಂದಿದ್ದ ಇನ್ನೊಂದನ್ನು ತೊಡಿಸಿದರು. ಮೈ ಬೆಚ್ಚಗಾಗಿ ಅವಳ ಕಣ್ಣು ತುಂಬಿತು.

"ಇದು ಭಾಳ ಚೊಲೋ ಐತ್ರಿ ಸರ್. ಮೊದಲ ಯಾಕ ಕೊಡ್ಲಿಲ್ರಿ?"

"ಇದು ನಮ್ಮದಲ್ಲಮ್ಮ, ನಮಗೆ ಪೈಪೋಟಿ ಕೊಡೋ ಕಂಪನೀದು," ಎನ್ನುತ್ತ ಮ್ಯಾನೇಜರ್ ಜೊತೆಗೆ ಕರೆತಂದಿದ್ದ ಫೋಟೋಗ್ರಾಫರನನ್ನು ಹತ್ತಿರ ಕರೆದರು. "ಈಗ ಅವರ ಲೋಗೋ ಕಾಣೋ ಹಾಗೆ ಸ್ಟ್ರೆಚರ್ ಮೇಲೆ ಮಲಗಿ, ಸ್ವಲ್ಪ ನರಳಿ."